ಮಂದ್ರಪೇಟಿಕೆ: ವಾಹನದಲ್ಲಿಡುವ ಮುಚ್ಚಿದ ನಾದಪೆಟ್ಟಿಗೆಯ ರಚನೆಯೂ ಔಚಿತ್ಯವೂ

1. ವಿಷಯಪ್ರವೇಶ

ರಾಯಚೂರು, ದೇವದುರ್ಗ, ಮಾನವಿ ಎಂಬ ಹೆಸರುಗಳನ್ನು ಕೇಳಿದೊಡನೆಯೇ ಸಾಹಿತ್ಯಾಭ್ಯಾಸಿಗಳಿಗೆ ದಾಸಸಾಹಿತ್ಯವು ನೆನಪಿಗೆ ಬರುವುದು ಸಹಜ. ವಿಜಯದಾಸರ ಚೀಕಲಪರವಿಯೂ ಜಗನ್ನಾಥದಾಸರ ಮಾನವಿಯೂ ಒಂದೇ ಸೀಮೆಯವು. ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಕಡೆಯದು. ಹದಿನೆಂಟನೆಯ ಶತಮಾನದಲ್ಲಿ ಈ ಮಹನೀಯರು ತಂಬೂರಿಯನ್ನು ಹೆಗಲಿಗೇರಿಸಿ ನಡೆದಾಡಿದ ದಾರಿಗಳಲ್ಲಿ ಈಗ ಮೋಟಾರು ವಾಹನಗಳು ಓಡುತ್ತಿವೆ. ಅವರ ಪದಗಳು ಆ ವಾಹನಗಳಲ್ಲಿ ಯಂತ್ರಮುಖವಾಗಿ ಕೇಳಿಬರುತ್ತಿವೆ. ಆಸನದ ಹಿಂದೆ ಕಪ್ಪು ಬಟ್ಟೆಯನ್ನು ಹೊದಿಸಿಕೊಂಡು ಕುಳಿತಿರುವ ಒಂದು ಮರದ ಪೆಟ್ಟಿಗೆಯೇ ಆ ನಾದಕ್ಕೆ ಗಾಂಭೀರ್ಯವನ್ನು ಕೊಡುವ ಸಾಧನ. ತರುಣರು ಇದನ್ನು ಸಬ್‌ವೂಫರ್ ಎಂದೂ, ಆಡುಮಾತಿನಲ್ಲಿ ಬೇಸ್ ಬಾಕ್ಸ್ ಎಂದೂ ಕರೆಯುತ್ತಾರೆ.

ಈ ಪೆಟ್ಟಿಗೆಯ ವಿಷಯದಲ್ಲಿ ಎರಡು ಅಭಿಪ್ರಾಯಗಳು ಬಳಕೆಯಲ್ಲಿವೆ. ಇದು ಸಾಹಿತ್ಯವನ್ನು ನುಂಗುವ ಭೂತವೆಂದು ಹಿರಿಯರು ಹೇಳುವರು. ಇದಿಲ್ಲದ ಸಂಗೀತವು ಉಪ್ಪಿಲ್ಲದ ಅಡಿಗೆಯೆಂದು ಕಿರಿಯರು ಹೇಳುವರು. ವಸ್ತುವಿನ ಲಕ್ಷಣವನ್ನು ವಿಚಾರಿಸದೆ ಗುಣದೋಷಗಳನ್ನು ಹೇಳುವುದು ಶಾಸ್ತ್ರಮಾರ್ಗವಲ್ಲ. ಆದುದರಿಂದ ಈ ಪೆಟ್ಟಿಗೆಯು ಏಕೆ ಬೇಕಾಯಿತು, ಇದನ್ನು ಮುಚ್ಚುವುದರಿಂದ ಏನಾಗುತ್ತದೆ, ಇದರ ಗಾತ್ರವನ್ನು ಗಣಿಸುವ ಬಗೆ ಯಾವುದು, ಇದನ್ನು ಕಟ್ಟುವ ಕ್ರಮವೇನು, ಎಲ್ಲಿ ಇದರ ಬಳಕೆ ಉಚಿತ, ಎಲ್ಲಿ ಅನುಚಿತ ಎಂಬ ವಿಷಯಗಳನ್ನು ಪ್ರಕೃತ ಲೇಖನದಲ್ಲಿ ಕ್ರಮವಾಗಿ ವಿವೇಚಿಸಲಾಗುವುದು.

ಮೊದಲು ಪರಿಭಾಷೆ. ಕನ್ನಡದಲ್ಲಿ ‘ಧ್ವನಿವರ್ಧಕ’ ಎಂಬ ಒಂದೇ ಶಬ್ದವು ಎರಡು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತಿದೆ. ಕ್ಷೀಣವಾದ ವಿದ್ಯುತ್ಸಂಕೇತವನ್ನು ಬಲಪಡಿಸುವುದು ಒಂದು. ಆ ಸಂಕೇತವನ್ನು ಗಾಳಿಯ ಚಲನೆಯನ್ನಾಗಿ ಮಾರ್ಪಡಿಸುವುದು ಇನ್ನೊಂದು. ಇಲ್ಲಿ ಮೊದಲನೆಯದನ್ನು ‘ವರ್ಧಕ’ವೆಂದೂ, ಎರಡನೆಯದನ್ನು ‘ನಾದಕ’ವೆಂದೂ, ನಾದಕವನ್ನು ಧರಿಸಿರುವ ಮುಚ್ಚಿದ ಪೆಟ್ಟಿಗೆಯನ್ನು ‘ಮಂದ್ರಪೇಟಿಕೆ’ಯೆಂದೂ ವ್ಯವಹರಿಸಲಾಗಿದೆ. ಪಾಠಶಾಲೆಗಳಲ್ಲಿ ವಿಜ್ಞಾನವನ್ನು ಕನ್ನಡದಲ್ಲಿ ಬೋಧಿಸುವವರಿಗೆ ಈ ವಿಭಾಗವು ಪ್ರಯೋಜನಕಾರಿಯಾದೀತು.

2. ಮಂದ್ರನಾದದ ಸ್ವಭಾವ

ನಮ್ಮ ಸಂಗೀತಶಾಸ್ತ್ರಜ್ಞರು ನಾದಕ್ಕೆ ಮಂದ್ರ, ಮಧ್ಯ, ತಾರವೆಂದು ಮೂರು ಸ್ಥಾನಗಳನ್ನು ಹೇಳಿದ್ದಾರೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಮಂದ್ರಕ್ಕೆ ಹೃದಯವನ್ನೂ, ಮಧ್ಯಕ್ಕೆ ಕಂಠವನ್ನೂ, ತಾರಕ್ಕೆ ಶಿರಸ್ಸನ್ನೂ ಸ್ಥಾನವಾಗಿ ಹೇಳಿ, ಒಂದಕ್ಕಿಂತ ಮುಂದಿನದು ಇಮ್ಮಡಿಯೆಂದು ನಿರೂಪಿಸಿದ್ದಾನೆ. ಇಂದಿನ ಭೌತಶಾಸ್ತ್ರವು ಈ ಇಮ್ಮಡಿಯನ್ನು ಕಂಪನಸಂಖ್ಯೆಯಿಂದ ಅಳೆಯುತ್ತದೆ. ಸೆಕೆಂಡಿಗೆ ಒಂದು ಕಂಪನವಾದರೆ ಒಂದು ಹರ್ಟ್ಸ್. ಮನುಷ್ಯನ ಕಿವಿಗೆ ಸುಮಾರು 20 ರಿಂದ 20,000 ಹರ್ಟ್ಸ್‌ವರೆಗಿನ ನಾದವು ಗೋಚರಿಸುತ್ತದೆ. ಗಂಡಸಿನ ಶ್ರುತಿ ಕರೀ ಒಂದು ಎಂದಿಟ್ಟುಕೊಂಡರೆ ಮಧ್ಯಷಡ್ಜವು ಸುಮಾರು 139 ಹರ್ಟ್ಸ್; ತಂಬೂರಿಯ ಮಂದ್ರಷಡ್ಜದ ತಂತಿ ಅದರ ಅರ್ಧ, ಎಂದರೆ ಸುಮಾರು 69 ಹರ್ಟ್ಸ್. ಮಂದ್ರಪೇಟಿಕೆಯು ನುಡಿಸಬೇಕಾದುದು ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿನ ನಾದವನ್ನು. ಎಂದರೆ ತಂಬೂರಿಯ ಆ ಕೊನೆಯ ತಂತಿಯ ಮೂಲನಾದವು ಈ ಪೆಟ್ಟಿಗೆಯ ವ್ಯಾಪ್ತಿಯಲ್ಲಿಯೇ ಬರುತ್ತದೆ. ಗಾಯಕನ ಮಾತು, ಅದರಲ್ಲಿಯೂ ವ್ಯಂಜನಗಳ ಸ್ಪಷ್ಟತೆ, ಇದಕ್ಕಿಂತ ಬಹಳ ಮೇಲೆ, ಮುಖ್ಯವಾಗಿ 500 ರಿಂದ 4,000 ಹರ್ಟ್ಸ್‌ಗಳ ನಡುವೆ ಇರುವುದು. ಈ ಎರಡು ಪ್ರದೇಶಗಳ ಅಂತರವನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದಿನ ಔಚಿತ್ಯವಿಚಾರಕ್ಕೆ ಇದೇ ತಳಹದಿ.

ಗಾಳಿಯಲ್ಲಿ ಶಬ್ದದ ವೇಗವು 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು. ಇದನ್ನು ಕಂಪನಸಂಖ್ಯೆಯಿಂದ ಭಾಗಿಸಿದರೆ ತರಂಗದ ಉದ್ದವು ಸಿಗುತ್ತದೆ. 4,000 ಹರ್ಟ್ಸ್ ನಾದದ ತರಂಗವು ಒಂಬತ್ತು ಸೆಂಟಿಮೀಟರಿಗಿಂತ ಕಡಿಮೆ. 40 ಹರ್ಟ್ಸ್ ನಾದದ ತರಂಗವಾದರೋ ಎಂಟೂವರೆ ಮೀಟರು. ಶಬ್ದವು ಹರಡುವ ಬಗೆಗೆ ನೈಯಾಯಿಕರು ವೀಚೀತರಂಗನ್ಯಾಯ, ಕದಂಬಮುಕುಲನ್ಯಾಯ ಎಂಬ ಎರಡು ದೃಷ್ಟಾಂತಗಳನ್ನು ಕೊಟ್ಟಿರುವುದು ವಿದ್ವಾಂಸರಿಗೆ ತಿಳಿದ ವಿಷಯ. ತಾರನಾದವು ನಾದಕದ ಮುಖ ಯಾವ ಕಡೆಗಿದೆಯೋ ಆ ಕಡೆಗೆ ಹೆಚ್ಚಾಗಿ ಸಾಗುತ್ತದೆ. ಮಂದ್ರನಾದವು ಕದಂಬದ ಮೊಗ್ಗಿನಂತೆ ಎಲ್ಲ ದಿಕ್ಕಿಗೂ ಒಮ್ಮೆಗೇ ಒಡೆಯುತ್ತದೆ. ಆ ಕಾರಣದಿಂದಲೇ ಮಂದ್ರಪೇಟಿಕೆಯನ್ನು ಆಸನದ ಹಿಂದೆ ಮರೆಯಾಗಿಟ್ಟರೂ ಕೇಳುವವನಿಗೆ ಅದು ಇಂಥ ಕಡೆಯಿಂದ ಬಂದಿತೆಂದು ತೋರುವುದಿಲ್ಲ. ಗೋಡೆಗಳನ್ನು ದಾಟಿ ನೆರೆಮನೆಯ ಒಳಗೆ ಹೋಗುವುದಕ್ಕೂ ತರಂಗದ ಈ ದೀರ್ಘತೆಯೇ ಬಹುಮಟ್ಟಿಗೆ ಕಾರಣ.

3. ಪೆಟ್ಟಿಗೆಯೇಕೆ? ಮುಚ್ಚುವುದೇಕೆ?

ನಾದಕವೆಂದರೆ ಕಾಗದದಿಂದಲೋ ಅಂಥ ಹಗುರ ವಸ್ತುವಿನಿಂದಲೋ ಮಾಡಿದ ಆಲಿಕೆಯಾಕಾರದ ಒಂದು ಪಟಲ. ಅದರ ಹಿಂದೆ ತಾಮ್ರತಂತಿಯ ಸುರುಳಿ. ಸುರುಳಿಯ ಸುತ್ತ ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹಿಂದುಮುಂದಾಗಿ ಹರಿದಂತೆ ಪಟಲವೂ ಹಿಂದುಮುಂದಾಗಿ ಚಲಿಸುತ್ತದೆ. ಪಟಲವು ಮುಂದಕ್ಕೆ ನುಗ್ಗಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ, ಆದರೆ ಅದೇ ಕ್ಷಣದಲ್ಲಿ ಬೆನ್ನಿನ ಗಾಳಿ ವಿರಳವಾಗುತ್ತದೆ. ನಾದಕವನ್ನು ಬರಿದಾಗಿ ಹಿಡಿದು ನುಡಿಸಿದರೆ ಮುಂದಿನ ಒತ್ತಡದ ಗಾಳಿಯು ಅಂಚನ್ನು ಬಳಸಿಕೊಂಡು ಹಿಂದಿನ ವಿರಳ ಪ್ರದೇಶಕ್ಕೆ ಜಾರಿ, ಎರಡೂ ಪರಸ್ಪರ ಪರಿಹಾರವಾಗಿಬಿಡುವುವು. ತರಂಗವು ಗಿಡ್ಡವಾಗಿದ್ದರೆ ಈ ಜಾರುವಿಕೆಗೆ ಅವಕಾಶ ಕಡಿಮೆ. ತರಂಗವು ಎಂಟು ಮೀಟರಾಗಿ ನಾದಕವು ಕಾಲು ಮೀಟರಾಗಿದ್ದರೆ ಅವಕಾಶವೇ ಅವಕಾಶ. ಆದಕಾರಣ ಬರಿಯ ನಾದಕದಲ್ಲಿ ಮಾತು ಕೇಳುವುದು, ಮಂದ್ರವು ಕೇಳದು. ಬೆನ್ನಿನ ನಾದವನ್ನು ಸೆರೆಹಿಡಿದು ಮುಂದಿನ ನಾದವನ್ನು ಮಾತ್ರ ಹೊರಗೆ ಬಿಡುವುದೇ ಪೆಟ್ಟಿಗೆಯ ಮೊದಲನೆಯ ಪ್ರಯೋಜನ.

ಎರಡನೆಯ ಪ್ರಯೋಜನವು ಇದಕ್ಕಿಂತ ಸೂಕ್ಷ್ಮವಾದುದು. ಮುಚ್ಚಿದ ಪೆಟ್ಟಿಗೆಯೊಳಗಿನ ಗಾಳಿಯು ಒಂದು ಸ್ಪ್ರಿಂಗಿನಂತೆ ವರ್ತಿಸುತ್ತದೆ. ಪಟಲವು ಒಳಕ್ಕೆ ಬಂದರೆ ಗಾಳಿಯು ಹೊರಕ್ಕೆ ತಳ್ಳುತ್ತದೆ. ಹೊರಕ್ಕೆ ಹೋದರೆ, ಹೊರಗಿನ ಒತ್ತಡವು ಒಳಗಿನದಕ್ಕಿಂತ ಹೆಚ್ಚಾಗಿ, ಪಟಲವನ್ನು ಹಿಂದಕ್ಕೆ ತರುತ್ತದೆ. ಇದಕ್ಕೆ ನಮ್ಮ ವಾದ್ಯಗಳಲ್ಲಿಯೇ ಉತ್ತಮ ನಿದರ್ಶನವುಂಟು. ಭರತನ ನಾಟ್ಯಶಾಸ್ತ್ರದಲ್ಲಿ ಹೇಳಿರುವ ತತ, ಅವನದ್ಧ, ಘನ, ಸುಷಿರವೆಂಬ ನಾಲ್ಕು ವರ್ಗಗಳಲ್ಲಿ ಅವನದ್ಧಕ್ಕೆ ಸೇರಿದ ತಬಲಾ ಜೋಡಿಯ ಎಡಗೈ ವಾದ್ಯವನ್ನು ನಮ್ಮ ಕಡೆ ಡಗ್ಗಾ ಎನ್ನುತ್ತಾರೆ. ಅದು ತಳಮುಚ್ಚಿದ ಪಾತ್ರೆ. ಬಾಯಿಗೆ ಒಂದೇ ಚರ್ಮ. ಒಳಗೆ ಸೆರೆಸಿಕ್ಕ ಗಾಳಿ. ಚರ್ಮಕ್ಕೆ ಹಚ್ಚಿದ ಕರಣೆಯು ಅದರ ತೂಕವನ್ನು ಹೆಚ್ಚಿಸಿ ನಾದವನ್ನು ಇಳಿಸುತ್ತದೆ. ಹೀಗೆ ತೂಕವನ್ನು ಹೊತ್ತ ಚರ್ಮದಿಂದ ಭಾರತೀಯ ಮದ್ದಳೆಗಳಲ್ಲಿ ಸಂವಾದಿಯಾದ ಮೇಲ್ನಾದಗಳು ಹೇಗೆ ಹುಟ್ಟುತ್ತವೆಂಬುದನ್ನು ಸಿ. ವಿ. ರಾಮನ್ನರು 1920 ರಲ್ಲಿಯೂ 1934 ರಲ್ಲಿಯೂ ಪ್ರಕಟಿಸಿದ ಲೇಖನಗಳಲ್ಲಿ ವಿವರಿಸಿದ್ದಾರೆ. ಡಗ್ಗೆಯ ಚರ್ಮದ ಸ್ಥಾನದಲ್ಲಿ ಪಟಲವನ್ನೂ, ಕೈಯ ಪೆಟ್ಟಿನ ಸ್ಥಾನದಲ್ಲಿ ವಿದ್ಯುತ್ತನ್ನೂ ಇಟ್ಟು ನೋಡಿದರೆ ಮಂದ್ರಪೇಟಿಕೆಯು ಡಗ್ಗೆಯ ಸೋದರನೆಂದು ತಿಳಿಯುವುದು. ಬಾಯಿ ತೆರೆದ ಘಟವು ಬೇರೆ ಜಾತಿಯದು. ಅದರ ಕೊರಳಿನ ಗಾಳಿಯೇ ಹಿಂದುಮುಂದಾಗಿ ಆಡಿ ನಾದವನ್ನು ಕೊಡುತ್ತದೆ. ಪೆಟ್ಟಿಗೆಗಳಲ್ಲಿಯೂ ಹೀಗೆ ಕೊಳವೆಯನ್ನಿಟ್ಟು ತೆರೆದವು ಇವೆ. ಅವುಗಳ ವಿಚಾರವು ಮುಂದೆ ಬರುವುದು. ಭೇದವಿಷ್ಟೆ: ಡಗ್ಗೆಯು ತನ್ನದೇ ನಾದವನ್ನು ಹುಟ್ಟಿಸಬೇಕು, ಮಂದ್ರಪೇಟಿಕೆಯು ತನ್ನದೆಂಬ ನಾದವಿಲ್ಲದೆ ಪರರ ನಾದವನ್ನು ಇದ್ದಂತೆ ಒಪ್ಪಿಸಬೇಕು.

4. ಶಾಸ್ತ್ರದ ಬೆಳವಣಿಗೆ

ಸುರುಳಿಯು ಚಲಿಸುವ ನಾದಕವನ್ನು ಇಂದಿನ ರೂಪಕ್ಕೆ ತಂದವರು ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಯಂತ್ರಶಾಸ್ತ್ರಜ್ಞರು. ಅವರ ಲೇಖನವು 1925 ರಲ್ಲಿ ಪ್ರಕಟವಾಯಿತು. ಬಹುಕಾಲ ಒಳ್ಳೆಯ ಮಂದ್ರಕ್ಕೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಅನಿವಾರ್ಯವೆಂಬ ಭಾವನೆಯಿತ್ತು. 1954 ರಲ್ಲಿ ಎಡ್ಗರ್ ವಿಲ್ಚರ್ ಎಂಬವನು ಪಟಲದ ಅಂಚಿನ ಬಿಗಿತವನ್ನು ಬೇಕೆಂದೇ ಸಡಿಲಿಸಿ, ಪಟಲವನ್ನು ಹಿಂದಕ್ಕೆ ತರುವ ಕೆಲಸವನ್ನು ಸೆರೆಹಿಡಿದ ಗಾಳಿಗೆ ವಹಿಸಿದನು. ಬಟ್ಟೆ ಅಥವಾ ಲೋಹದ ಸ್ಪ್ರಿಂಗು ಎಳೆದಷ್ಟೂ ವಿಷಮವಾಗುತ್ತದೆ. ಗಾಳಿಯ ಸ್ಪ್ರಿಂಗು ಅಲ್ಪ ಚಲನೆಗಳಲ್ಲಿ ಸಮವಾಗಿರುತ್ತದೆ. ಇದರಿಂದ ಪೆಟ್ಟಿಗೆ ಚಿಕ್ಕದಾಯಿತು, ನಾದವು ಶುದ್ಧವಾಯಿತು. ವಾಹನದಲ್ಲಿಡುವಷ್ಟು ಚಿಕ್ಕ ಪೆಟ್ಟಿಗೆಗೆ ಮೂಲವು ಈ ವಿಚಾರವೇ. ಬಳಿಕ ಆಸ್ಟ್ರೇಲಿಯದ ತೀಲ್ 1961 ರಲ್ಲಿಯೂ, ರಿಚರ್ಡ್ ಸ್ಮಾಲ್ 1972 ಮತ್ತು 1973 ರಲ್ಲಿಯೂ ನಾದಕದ ಗುಣಗಳನ್ನು ಕೆಲವೇ ಸಂಖ್ಯೆಗಳಾಗಿ ನಿರೂಪಿಸಿ, ಪೆಟ್ಟಿಗೆಯ ಗಾತ್ರವನ್ನು ಊಹೆಯಿಂದಲ್ಲದೆ ಲೆಕ್ಕದಿಂದ ನಿರ್ಣಯಿಸುವ ಮಾರ್ಗವನ್ನು ತೋರಿಸಿಕೊಟ್ಟರು.

5. ಗಾತ್ರದ ಗಣಿತ

ನಾದಕವನ್ನು ಕೊಂಡಾಗ ಅದರೊಡನೆ ಬರುವ ಪತ್ರಿಕೆಯಲ್ಲಿ ಮೂರು ಸಂಖ್ಯೆಗಳನ್ನು ಹುಡುಕಬೇಕು. ಎಫ್.ಎಸ್. ಎಂದು ಬರೆದಿರುವುದು ಸ್ವಾಭಾವಿಕ ಕಂಪನಸಂಖ್ಯೆ. ಪೆಟ್ಟಿಗೆಯಿಲ್ಲದೆ ಪಟಲವು ತಾನಾಗಿ ಆಡಲಿಚ್ಛಿಸುವ ಕಂಪನವದು. ಕ್ಯು.ಟಿ.ಎಸ್. ಎಂಬುದು ಗುಣಾಂಕ, ಒಮ್ಮೆ ಆಡಿದ ಪಟಲವು ಎಷ್ಟು ಬೇಗ ತಣಿಯುತ್ತದೆಂಬುದನ್ನು ಅದು ಸೂಚಿಸುತ್ತದೆ, ಸಂಖ್ಯೆ ಹೆಚ್ಚಿದಷ್ಟೂ ತಣಿಯುವಿಕೆ ಕಡಿಮೆ. ವಿ.ಎ.ಎಸ್. ಎಂಬುದು ಸಮಾನವಾಯುಗಾತ್ರ, ಪಟಲದ ಅಂಚಿಗೆ ಎಷ್ಟು ಬಿಗಿತವುಂಟೋ ಅಷ್ಟೇ ಬಿಗಿತವನ್ನು ತೋರುವ ಗಾಳಿಯ ಗಾತ್ರ.

ಸೂತ್ರವು ಸುಲಭ. ಸಮಾನವಾಯುಗಾತ್ರವನ್ನು ಪೆಟ್ಟಿಗೆಯ ಗಾತ್ರದಿಂದ ಭಾಗಿಸಿ, ಲಬ್ಧಕ್ಕೆ ಒಂದನ್ನು ಕೂಡಿಸಿ, ವರ್ಗಮೂಲವನ್ನು ತೆಗೆಯಬೇಕು. ಬಂದ ಸಂಖ್ಯೆಯಿಂದ ಸ್ವಾಭಾವಿಕ ಕಂಪನಸಂಖ್ಯೆಯನ್ನು ಗುಣಿಸಿದರೆ ಪೆಟ್ಟಿಗೆಯಲ್ಲಿದ್ದಾಗಿನ ಕಂಪನಸಂಖ್ಯೆಯೂ, ಗುಣಾಂಕವನ್ನು ಗುಣಿಸಿದರೆ ಪೆಟ್ಟಿಗೆಯಲ್ಲಿದ್ದಾಗಿನ ಗುಣಾಂಕವೂ ದೊರೆಯುತ್ತವೆ.

ಉದಾಹರಣೆಗೆ, ಹತ್ತು ಅಂಗುಲದ ಒಂದು ನಾದಕಕ್ಕೆ ಕಂಪನಸಂಖ್ಯೆ 30 ಹರ್ಟ್ಸ್, ಗುಣಾಂಕ 0.5, ಸಮಾನವಾಯುಗಾತ್ರ 30 ಲೀಟರು ಎಂದಿಟ್ಟುಕೊಳ್ಳೋಣ. ಪೆಟ್ಟಿಗೆಯ ಗಾತ್ರವೂ 30 ಲೀಟರಾದರೆ ಲಬ್ಧ 1; ಒಂದು ಕೂಡಿಸಲು 2; ವರ್ಗಮೂಲ 1.414. ಆಗ ಕಂಪನಸಂಖ್ಯೆ 42.4 ಹರ್ಟ್ಸ್, ಗುಣಾಂಕ 0.707. ಈ 0.707 ಎಂಬುದು ಒಂದು ವಿಶೇಷವಾದ ಹದ: ಇಲ್ಲಿ ಮಂದ್ರವು ಎಲ್ಲಿಯೂ ಉಬ್ಬದೆ, ಸಾಧ್ಯವಾದಷ್ಟು ಕೆಳಗಿನವರೆಗೆ ಸಮವಾಗಿ ಬಂದು, 42.4 ಹರ್ಟ್ಸ್‌ನಲ್ಲಿ ಮೂರು ಡೆಸಿಬೆಲ್ ಇಳಿದು, ಬಳಿಕ ಸ್ಥಾಯಿಗೆ ಹನ್ನೆರಡು ಡೆಸಿಬೆಲ್ಲಿನಂತೆ ಇಳಿಯುತ್ತ ಹೋಗುವುದು. ಸ್ಥಳವಿಲ್ಲವೆಂದು ಪೆಟ್ಟಿಗೆಯನ್ನು 15 ಲೀಟರಿಗೆ ಇಳಿಸಿದರೆ ಕಂಪನಸಂಖ್ಯೆ 52, ಗುಣಾಂಕ 0.866. ಹತ್ತು ಲೀಟರಿಗೆ ಇಳಿಸಿದರೆ ಕಂಪನಸಂಖ್ಯೆ 60, ಗುಣಾಂಕ 1. ಆಗ ಅಪೇಕ್ಷಿತವಲ್ಲದ ಸುಮಾರು ಒಂದೂಕಾಲು ಡೆಸಿಬೆಲ್ಲಿನ ಉಬ್ಬು ತೋರುತ್ತದೆ. ಗುಣಾಂಕ ಒಂದೂವರೆಯಾದರೆ ಉಬ್ಬು ನಾಲ್ಕು ಡೆಸಿಬೆಲ್. ಬೀದಿಯಲ್ಲಿ ಕೆಲವು ವಾಹನಗಳಿಂದ ಹಾಡು ಯಾವುದಾದರೂ ಒಂದೇ ಬಗೆಯ ‘ಧುಂ’ಕಾರವು ಕೇಳಿಬರುವುದಕ್ಕೆ ನಾದಕಕ್ಕೆ ಸಾಲದಷ್ಟು ಚಿಕ್ಕ ಪೆಟ್ಟಿಗೆಯೂ ಒಂದು ಕಾರಣ. ಅಲ್ಲಿ ಕೇಳುವುದು ಹಾಡಿನ ಮಂದ್ರವಲ್ಲ. ಪೆಟ್ಟಿಗೆಯು ತನ್ನ ಹೆಸರನ್ನೇ ಪದೇ ಪದೇ ಹೇಳಿಕೊಳ್ಳುತ್ತಿರುವುದು.

ಬೇಕಾದ ಗುಣಾಂಕದಿಂದ ಗಾತ್ರವನ್ನು ಕಂಡುಹಿಡಿಯಬೇಕಾದರೆ ವಿಲೋಮಕ್ರಿಯೆ ಮಾಡಬೇಕು: ಬೇಕಾದ ಗುಣಾಂಕವನ್ನು ನಾದಕದ ಗುಣಾಂಕದಿಂದ ಭಾಗಿಸಿ, ವರ್ಗ ಮಾಡಿ, ಒಂದನ್ನು ಕಳೆದು, ಉಳಿದುದರಿಂದ ಸಮಾನವಾಯುಗಾತ್ರವನ್ನು ಭಾಗಿಸುವುದು. ನಾದಕದ ಗುಣಾಂಕವೇ 0.707 ಕ್ಕಿಂತ ಹೆಚ್ಚಾಗಿದ್ದರೆ ಎಷ್ಟು ದೊಡ್ಡ ಪೆಟ್ಟಿಗೆಯಿಂದಲೂ ಆ ಹದವು ಸಿದ್ಧಿಸದು. ಅಂಥ ನಾದಕವನ್ನು ಈ ಕೆಲಸಕ್ಕೆ ಆರಿಸಬಾರದು.

6. ರಚನಾಕ್ರಮ

ಮೇಲಿನ ಉದಾಹರಣೆಯನ್ನೇ ಮುಂದುವರಿಸೋಣ. ಗಾಳಿಗೆ 30 ಲೀಟರು ಬೇಕು. ನಾದಕದ ಹಿಂಭಾಗವು ಒಳಗೆ ಆಕ್ರಮಿಸುವ ಸ್ಥಳಕ್ಕೆ ಒಂದೂವರೆ ಲೀಟರು, ಒಳಗಿನ ಅಡ್ಡಪಟ್ಟಿಗಳಿಗೆ ಒಂದು ಲೀಟರು ಸೇರಿಸಿದರೆ ಒಟ್ಟು 32.5 ಲೀಟರು. ಒಳ ಅಳತೆಯಲ್ಲಿ ಅಗಲ 40, ಎತ್ತರ 32.5, ಆಳ 25 ಸೆಂಟಿಮೀಟರು ಇಟ್ಟರೆ ಗುಣಲಬ್ಧವು 32,500 ಘನ ಸೆಂಟಿಮೀಟರು, ಎಂದರೆ ಸರಿಯಾಗಿ 32.5 ಲೀಟರು. ಹಲಗೆಯ ದಪ್ಪ 18 ಮಿಲಿಮೀಟರು. ಆಗ ಮುಂದಿನ ಮತ್ತು ಹಿಂದಿನ ಹಲಗೆಗಳು 43.6 ಕ್ಕೆ 36.1 ಸೆಂಟಿಮೀಟರು, ಮೇಲಿನ ಮತ್ತು ಕೆಳಗಿನವು 43.6 ಕ್ಕೆ 25. ಎರಡು ಪಕ್ಕದವು 32.5 ಕ್ಕೆ 25. ಹಿಂದಿನ ಆಸನವು ಓರೆಯಾಗಿದ್ದರೆ ಆಳವನ್ನು ತಳದಲ್ಲಿ 30, ತಲೆಯಲ್ಲಿ 20 ಸೆಂಟಿಮೀಟರು ಮಾಡಬಹುದು. ಸರಾಸರಿ 25 ಆಗುವುದರಿಂದ ಗಾತ್ರವು ಬದಲಾಗದು. ಆದರೆ ಆಳವು ಕಡಿಮೆಯಿರುವ ಕಡೆ ನಾದಕದ ಅಯಸ್ಕಾಂತವು ಹಿಂದಿನ ಹಲಗೆಗೆ ತಾಗದಂತೆ ಮೊದಲೇ ಅಳೆದು ನೋಡಬೇಕು.

ಹಲಗೆಯು ಇಷ್ಟು ದಪ್ಪವಿರಬೇಕಾದುದೇಕೆ? ಪಟಲದ ಕಂಪಿಸುವ ವಿಸ್ತೀರ್ಣವು ಸುಮಾರು 330 ಚದರ ಸೆಂಟಿಮೀಟರು. ಅದು ಒಂದು ಸೆಂಟಿಮೀಟರು ಒಳಕ್ಕೆ ಸರಿದರೆ 0.33 ಲೀಟರು ಗಾಳಿ ಒತ್ತಲ್ಪಡುತ್ತದೆ. ಇದು 30 ಲೀಟರಿನ ನೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ತ್ವರಿತವಾಗಿ ಒತ್ತಲ್ಪಟ್ಟ ಗಾಳಿಯ ಒತ್ತಡವು ಇದರ 1.4 ಮಡಿಯಂತೆ ಏರುವುದರಿಂದ ಸುಮಾರು 1,560 ಪಾಸ್ಕಲ್ ಒತ್ತಡವುಂಟಾಗುತ್ತದೆ. ಹಿಂದಿನ ಹಲಗೆಯ ಒಳಮುಖದ ಮೇಲೆ ಇದು ಇಪ್ಪತ್ತು ಕಿಲೋಗ್ರಾಂ ಭಾರಕ್ಕೆ ಸಮ. ಅದೂ ಸೆಕೆಂಡಿಗೆ ನಾಲ್ವತ್ತು ಸಲ ತಳ್ಳಿ ಎಳೆಯುವ ಭಾರ. ತೆಳುವಾದ ಹಲಗೆಯು ಈ ಬಲಕ್ಕೆ ತಾನೂ ಕಂಪಿಸಿ, ಪಟಲಕ್ಕೆ ವಿರುದ್ಧವಾದ ಮತ್ತೊಂದು ನಾದವನ್ನು ಎಬ್ಬಿಸುವುದು. ಆದುದರಿಂದ ದಪ್ಪ ಹಲಗೆಯ ಜೊತೆಗೆ ಮುಂದಿನ ಹಲಗೆಯಿಂದ ಹಿಂದಿನದಕ್ಕೆ ಒಂದು ಅಡ್ಡಪಟ್ಟಿಯನ್ನು ಕೊಡುವುದು ಯುಕ್ತ.

ಹಲಗೆಗೆ ಬಡಗಿಗಳು ಎಂ.ಡಿ.ಎಫ್. ಎಂದು ಕರೆಯುವ ಒತ್ತಿದ ಮರದ ಹಲಗೆಯು ಅನುಕೂಲ. ಅದು ಭಾರವಾದದ್ದು, ಎಲ್ಲ ಕಡೆ ಸಮವಾದದ್ದು, ಗರಗಸಕ್ಕೆ ನೇರವಾಗಿ ಒದಗುವಂಥದ್ದು. ಆದರೆ ನೀರು ತಾಗಿದರೆ ಅಂಚುಗಳು ಉಬ್ಬುತ್ತವೆ. ಮಳೆನೀರು ನುಗ್ಗುವ ವಾಹನಗಳಿಗೆ ನೀರು ತಡೆಯುವ ಒಳ್ಳೆಯ ಪ್ಲೈವುಡ್ಡೇ ಲೇಸು. ಕೀಲುಗಳಿಗೆ ಧಾರಾಳವಾಗಿ ಮರದ ಅಂಟನ್ನು ಹಚ್ಚಿ, ಹನ್ನೆರಡು ಹದಿನೈದು ಸೆಂಟಿಮೀಟರಿಗೊಂದರಂತೆ ಸ್ಕ್ರೂಗಳನ್ನು ಬಿಗಿಯಬೇಕು. ಸ್ಕ್ರೂ ಹೋಗುವ ಮೊದಲು ಸಣ್ಣ ರಂಧ್ರವನ್ನು ಕೊರೆಯದಿದ್ದರೆ ಹಲಗೆಯ ಅಂಚು ಸೀಳುವುದು. ಅಂಟು ಒಂದು ಹಗಲು ಒಂದು ರಾತ್ರಿ ಒಣಗಿದ ಮೇಲೆ ಒಳಗಿನ ಎಲ್ಲ ಮೂಲೆಗಳಿಗೂ ಸಿಲಿಕೋನನ್ನು ಎಳೆದು, ಅದರ ಹುಳಿವಾಸನೆ ಹೋಗುವವರೆಗೆ ಕಾಯಬೇಕು. ಆ ಆವಿಯು ನಾದಕದ ಅಂಟಿಗೂ ಲೋಹಭಾಗಗಳಿಗೂ ಹಿತವಲ್ಲ. ನಾದಕದ ಅಂಚಿಗೂ ತಂತಿ ಹೊರಬರುವ ರಂಧ್ರಕ್ಕೂ ಮೆತ್ತನೆಯ ಪಟ್ಟಿಯನ್ನು ಅಂಟಿಸುವುದನ್ನು ಮರೆಯಬಾರದು. ಎಷ್ಟೋ ಪೆಟ್ಟಿಗೆಗಳು ಕೀಲಿನಲ್ಲಿ ಗಟ್ಟಿಯಾಗಿದ್ದು ತಂತಿಯ ರಂಧ್ರದಲ್ಲಿ ಸೋರುವುವು.

ಒಳಗೆ ನಾರು ತುಂಬುವ ವಾಡಿಕೆಯೂ ಉಂಟು. ಒತ್ತಿದಾಗ ಕಾದ ಗಾಳಿಯ ಉಷ್ಣವನ್ನು ನಾರು ಹೀರಿಕೊಳ್ಳುವುದರಿಂದ ಗಾಳಿಯ ಬಿಗಿತವು ಸಡಿಲವಾಗಿ ಪೆಟ್ಟಿಗೆಯು ದೊಡ್ಡದಾದಂತೆ ವರ್ತಿಸುತ್ತದೆ. ಸಿದ್ಧಾಂತದಲ್ಲಿ ಈ ಲಾಭವು ನೂರಕ್ಕೆ ನಲವತ್ತರವರೆಗೆ. ಅನುಭವದಲ್ಲಿ ಹತ್ತರಿಂದ ಇಪ್ಪತ್ತು. ರಾಯಚೂರು ಹತ್ತಿಯ ಪೇಟೆಯಾದುದರಿಂದ ಅರಳೆಯನ್ನೇ ತುಂಬಬಾರದೇಕೆಂಬ ಪ್ರಶ್ನೆ ಏಳಬಹುದು. ಅರಳೆಯು ತೇವವನ್ನು ಹೀರಿ, ವಾಹನದ ಕುಲುಕಾಟಕ್ಕೆ ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ದಿಂಬಿಗೆ ತುಂಬುವ ಪಾಲಿಯೆಸ್ಟರ್ ನಾರು ಹಾಗಾಗದು. ಅದನ್ನು ಬಿಡಿಬಿಡಿಯಾಗಿ ಹರಡಬೇಕು, ಒತ್ತಿ ತುರುಕಬಾರದು.

7. ಪರೀಕ್ಷೆ, ಭದ್ರತೆ, ನಮ್ಮ ನಾಡಿನ ಬಿಸಿಲು

ಪೆಟ್ಟಿಗೆಯು ಸೋರುತ್ತಿದೆಯೋ ಇಲ್ಲವೋ ಎಂಬುದನ್ನು ಅರಿಯಲು ಸುಲಭೋಪಾಯವುಂಟು. ಮೂವತ್ತು ಹರ್ಟ್ಸ್‌ನ ಒಂದೇ ನಾದವನ್ನು ಮೆಲ್ಲನೆ ನುಡಿಸಿ, ಉರಿಯುವ ಊದಿನಕಡ್ಡಿಯನ್ನು ಪ್ರತಿಯೊಂದು ಕೀಲಿನ ಬಳಿಯೂ ಹಿಡಿಯಬೇಕು. ಹೊಗೆಯು ನೇರವಾಗಿ ಏರಿದರೆ ಕೀಲು ಶುದ್ಧ. ನಡುಗಿ ಚದುರಿದರೆ ಅಲ್ಲಿ ಬಿರುಕು. ಪಟಲವನ್ನು ಅಂಗೈಯಿಂದ ಮೃದುವಾಗಿ ಒತ್ತಿ ಬಿಟ್ಟಾಗ ಅದು ಸಾವಕಾಶವಾಗಿ ಮರಳಿದರೆ ಒಳಗಿನ ಗಾಳಿಯು ಸೆರೆಯಲ್ಲಿದೆಯೆಂದು ತಿಳಿಯಬೇಕು.

ಆದರೆ ಮುಚ್ಚುವಿಕೆಯೆಂಬುದಕ್ಕೂ ಒಂದು ಮಿತಿಯುಂಟು. ಬೇಸಗೆಯಲ್ಲಿ ರಾಯಚೂರಿನ ಉಷ್ಣತೆ 40 ಡಿಗ್ರಿಯನ್ನು ಮೀರುವುದು ಸರ್ವವಿದಿತ. ಬಿಸಿಲಿನಲ್ಲಿ ನಿಂತ ವಾಹನದ ಒಳಗು ಇನ್ನೂ ಬಹಳ ಕಾಯುತ್ತದೆ. ಇಪ್ಪತ್ತೈದರಿಂದ ಅರವತ್ತು ಡಿಗ್ರಿಗೆ ಏರಿದ ಗಾಳಿಯು ಸಂಪೂರ್ಣವಾಗಿ ಬಂಧಿತವಾಗಿದ್ದರೆ ಅದರ ಒತ್ತಡವು ನೂರಕ್ಕೆ ಹನ್ನೆರಡರಷ್ಟು ಹೆಚ್ಚಿ ಪಟಲವನ್ನೇ ಹೊರಕ್ಕೆ ಉಬ್ಬಿಸಿಬಿಡಬೇಕು. ಹಾಗಾಗದಿರುವುದಕ್ಕೆ ಕಾರಣವು ಪಟಲದ ಮತ್ತು ಕೀಲುಗಳ ಅತಿಸೂಕ್ಷ್ಮ ರಂಧ್ರಗಳು. ಸೆಕೆಂಡಿನ ನಾಲ್ವತ್ತನೆಯ ಒಂದು ಭಾಗದಲ್ಲಿ ಆ ರಂಧ್ರಗಳಿಂದ ಗಾಳಿಯು ಹೋಗಲಾರದು. ಗಂಟೆಗಳ ಅವಧಿಯಲ್ಲಿ ಧಾರಾಳವಾಗಿ ಹೋಗುವುದು. ಘಟಾಕಾಶವು ಮಹಾಕಾಶದಿಂದ ಬೇರೆಯಾದಂತೆ ತೋರಿದರೂ ವಸ್ತುತಃ ಬೇರೆಯಲ್ಲವೆಂಬ ವೇದಾಂತದ ದೃಷ್ಟಾಂತವನ್ನು ಈ ಪೆಟ್ಟಿಗೆಯು ತನ್ನ ರೀತಿಯಲ್ಲಿ ನೆನಪಿಸುತ್ತದೆ: ಕ್ಷಣದ ಮಟ್ಟಿಗೆ ಮುಚ್ಚಿದ್ದು, ದಿನದ ಮಟ್ಟಿಗೆ ಉಸಿರಾಡುವಂಥದ್ದು. ಬಿಸಿಗೆ ಸಾಮಾನ್ಯ ಮರದ ಅಂಟು ಮೆದುವಾಗುವುದರಿಂದಲೇ ಅಂಟಿನ ಜೊತೆಗೆ ಸ್ಕ್ರೂಗಳೂ ಬೇಕೆಂದು ಮೇಲೆ ಹೇಳಿದ್ದು.

ಪೆಟ್ಟಿಗೆಯೂ ನಾದಕವೂ ಸೇರಿ ಸುಮಾರು 15 ಕಿಲೋಗ್ರಾಂ ತೂಗುವುವು. ವಾಹನವು ಹಠಾತ್ತಾಗಿ ನಿಂತರೆ ಈ ಭಾರವು ಮುಂದೆ ಕುಳಿತವರ ಬೆನ್ನಿಗೆ ಅಪಾಯ. ಆದಕಾರಣ ಅದನ್ನು ವಾಹನದ ಮೈಗೆ ಉಕ್ಕಿನ ಪಟ್ಟಿಯಿಂದ ಬಂಧಿಸಲೇಬೇಕು. ಬ್ಯಾಟರಿಯಿಂದ ವರ್ಧಕಕ್ಕೆ ಹೋಗುವ ತಂತಿಗೆ ಬ್ಯಾಟರಿಯ ಹತ್ತಿರವೇ, ಅರ್ಧ ಮೀಟರಿನೊಳಗೆ, ಫ್ಯೂಸು ಇರಬೇಕು. ತಂತಿಯು ಎಲ್ಲಿಯಾದರೂ ಸವೆದು ವಾಹನದ ಲೋಹಕ್ಕೆ ತಾಗಿದರೆ ಬೆಂಕಿಯನ್ನು ತಡೆಯುವುದು ಅದೊಂದೇ. 300 ವಾಟಿನ ವರ್ಧಕವು ಪೂರ್ಣಬಲದಲ್ಲಿ ಸುಮಾರು 27 ಆಂಪಿಯರನ್ನು ಸೆಳೆಯುವುದು. ಎಳೆತಂತಿಗಳು ಇದಕ್ಕೆ ಒದಗಲಾರವು.

8. ಪೂರ್ವಪಕ್ಷಗಳು

“ರಂಧ್ರವಿಟ್ಟ ಪೆಟ್ಟಿಗೆಯು ಹೆಚ್ಚು ಸದ್ದು ಮಾಡುತ್ತದೆ, ಮುಚ್ಚಿದುದನ್ನು ಏಕೆ ಹೊಗಳುವಿರಿ?” ಎಂದರೆ, ಅದು ಹೆಚ್ಚು ಸದ್ದು ಮಾಡುವುದು ದಿಟ. ಆದರೆ ಅದು ಸಾಮಾನ್ಯವಾಗಿ ದೊಡ್ಡ ಗಾತ್ರವನ್ನು ಬೇಡುತ್ತದೆ. ತನ್ನ ನಿಯತ ಕಂಪನಕ್ಕಿಂತ ಕೆಳಗೆ ಸ್ಥಾಯಿಗೆ ಇಪ್ಪತ್ತನಾಲ್ಕು ಡೆಸಿಬೆಲ್ಲಿನಂತೆ ಕುಸಿಯುತ್ತದೆ. ಅಲ್ಲಿ ಗಾಳಿಯ ತಡೆಯಿಲ್ಲದ ಪಟಲವು ಮಿತಿಮೀರಿ ಚಲಿಸಿ ಹರಿಯಲೂಬಹುದು. ಅಳತೆಯಲ್ಲಿ ಬಂದ ಅಲ್ಪ ದೋಷವನ್ನು ಮುಚ್ಚಿದ ಪೆಟ್ಟಿಗೆಯು ಕ್ಷಮಿಸುವುದು, ರಂಧ್ರಪೇಟಿಕೆಯು ಕ್ಷಮಿಸದು.

“ಮುಚ್ಚಿದ ಪೆಟ್ಟಿಗೆಯೂ ಸ್ಥಾಯಿಗೆ ಹನ್ನೆರಡು ಡೆಸಿಬೆಲ್ ಇಳಿಯುವುದಲ್ಲ?” ಎಂದರೆ, ಇಲ್ಲಿ ವಾಹನವೇ ಸಹಾಯಕ್ಕೆ ಬರುವುದು. ಮುಚ್ಚಿದ ವಾಹನದ ಒಳ ಉದ್ದ ಮೂರು ಮೀಟರು ಎಂದಿಟ್ಟುಕೊಂಡರೆ, ತರಂಗದ ಅರ್ಧವು ಅದಕ್ಕೆ ಸಮವಾಗುವುದು ಸುಮಾರು 57 ಹರ್ಟ್ಸ್‌ನಲ್ಲಿ. ಅದಕ್ಕಿಂತ ಕೆಳಗೆ ಒಳಗಿನ ಗಾಳಿಯೆಲ್ಲವೂ ಏಕಕಾಲದಲ್ಲಿ ಒತ್ತಲ್ಪಟ್ಟು, ಆದರ್ಶಸ್ಥಿತಿಯಲ್ಲಿ ಸ್ಥಾಯಿಗೆ ಹನ್ನೆರಡು ಡೆಸಿಬೆಲ್ಲಿನಂತೆ ಏರುವುದು. ಏರಿಳಿತಗಳು ಪರಸ್ಪರ ಸರಿದೂಗುತ್ತವೆ. ಕಿಟಕಿ ಬಾಗಿಲುಗಳ ಸಂದುಗಳಿಂದ ಈ ಲಾಭವು ತುಸು ಕಡಿಮೆಯಾದರೂ ಇಲ್ಲದೆ ಹೋಗುವುದಿಲ್ಲ. ತೆರೆದ ಜೀಪಿಗಾಗಲಿ, ಟ್ರ್ಯಾಕ್ಟರಿಗಾಗಲಿ ಈ ಉಪಕಾರವಿಲ್ಲ. ಅಲ್ಲಿ ಮಂದ್ರವು ಸಾಲದೆಂದು ವರ್ಧಕದ ಬಲವನ್ನು ಏರಿಸುತ್ತ ಹೋಗುವವನು ತಾನು ಕೇಳುವುದಕ್ಕಿಂತ ಹೆಚ್ಚಾಗಿ ಊರಿಗೆ ಕೇಳಿಸುತ್ತಾನೆ.

9. ಔಚಿತ್ಯವಿಚಾರ

ಇನ್ನು ಸಾಹಿತ್ಯದ ಪ್ರಶ್ನೆ. ಬಲವಾದ ಮಂದ್ರನಾದವು ತನಗಿಂತ ಮೇಲಿನ ನಾದಗಳನ್ನು ಮರೆಮಾಡುತ್ತದೆ, ಮೇಲಿನದು ಕೆಳಗಿನದನ್ನು ಅಷ್ಟು ಮರೆಮಾಡಲಾರದು. ಇದು ಶ್ರವಣಶಾಸ್ತ್ರದಲ್ಲಿ ಸಿದ್ಧವಾದ ವಿಷಯ. ದಾಸರ ಪದಗಳಲ್ಲಿ ಅರ್ಥವೆಲ್ಲವೂ ಅಕ್ಷರಗಳಲ್ಲಿದೆ. ಹರಿಕಥಾಮೃತಸಾರದಂಥ ಭಾಮಿನೀಷಟ್ಪದಿಯ ಕೃತಿಯಲ್ಲಿ ಹ್ರಸ್ವದೀರ್ಘಗಳೂ ಪ್ರಾಸಾಕ್ಷರಗಳೂ ಕೇಳದೆ ಹೋದರೆ ಉಳಿಯುವುದು ಬರಿಯ ತಾಳ. ಆದುದರಿಂದ ಹಿರಿಯರ ಆಕ್ಷೇಪವು ನಿರಾಧಾರವಲ್ಲ. ಆದರೆ ದೋಷವು ಪೆಟ್ಟಿಗೆಯದಲ್ಲ, ಪ್ರಮಾಣದ್ದು. ವರ್ಧಕದಲ್ಲಿ 80 ಹರ್ಟ್ಸ್‌ನ ಮೇಲಿನ ನಾದವು ಪೆಟ್ಟಿಗೆಗೆ ಹೋಗದಂತೆ ತಡೆದು, ಗಾಯಕನ ಮಾತು ನಿರಾಯಾಸವಾಗಿ ಕೇಳುವ ಮಟ್ಟವನ್ನು ಮೊದಲು ಗೊತ್ತುಮಾಡಿಕೊಂಡು, ಬಳಿಕ ಮಂದ್ರವನ್ನು ಸ್ವಲ್ಪಸ್ವಲ್ಪವಾಗಿ ಏರಿಸಿ, ತಂಬೂರಿಗೆ ತುಂಬುತನ ಬಂದೊಡನೆ ನಿಲ್ಲಿಸಬೇಕು. ಪೆಟ್ಟಿಗೆಯನ್ನು ಆರಿಸಿದಾಗ ಮಾತ್ರ ಅದರ ಕೊರತೆ ತಿಳಿಯುವಂತಿರುವುದೇ ಸರಿಯಾದ ಹದ. ಕಾವ್ಯದಲ್ಲಿ ಕ್ಷೇಮೇಂದ್ರನು ಪ್ರಾಣವೆಂದು ಹೇಳಿದ ಔಚಿತ್ಯವು ಇಲ್ಲಿಯೂ ಪ್ರಾಣವೇ ಸರಿ.

ಎರಡನೆಯದು ನೆರೆಹೊರೆಯ ಪ್ರಶ್ನೆ. ಭಾರತ ಸರ್ಕಾರದ 2000 ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಾಸಪ್ರದೇಶಗಳಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿಯಿದೆ. ಆಸ್ಪತ್ರೆ, ವಿದ್ಯಾಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರು ನಿಶ್ಶಬ್ದವಲಯವಾಗಬಲ್ಲುದು. ಆದರೆ ಈ ಡೆಸಿಬೆಲ್ಲು ಕಿವಿಯ ಸ್ವಭಾವವನ್ನನುಸರಿಸಿ ತೂಗಿದ ‘ಎ’ ಮಾನದ್ದು. ಆ ಮಾನವು 40 ಹರ್ಟ್ಸ್‌ನ ನಾದಕ್ಕೆ ಸುಮಾರು 35 ಡೆಸಿಬೆಲ್ಲುಗಳನ್ನು ಕಳೆದು ಲೆಕ್ಕಹಾಕುತ್ತದೆ. ಎಂದರೆ ಮಾಪಕದಲ್ಲಿ 55 ಎಂದು ತೋರುವ ಶುದ್ಧ ಮಂದ್ರವು ಗಾಳಿಯಲ್ಲಿ ವಸ್ತುತಃ 90 ಡೆಸಿಬೆಲ್ಲಿನ ಒತ್ತಡವನ್ನುಂಟುಮಾಡುತ್ತಿರಬಹುದು. ಬಾಗಿಲು ಕಿಟಕಿಗಳನ್ನು ನಡುಗಿಸಲು, ಮಲಗಿದ ಮಗುವನ್ನೂ ರೋಗಿಯನ್ನೂ ಎಬ್ಬಿಸಲು ಅದು ಸಾಕು. ಹೀಗೆ ಮಂದ್ರದ ವಿಷಯದಲ್ಲಿ ಶಾಸನದ ಮಾಪಕವು ಕಾಣದ ಭಾಗವನ್ನು ಮನುಷ್ಯನ ವಿವೇಕವೇ ಕಾಣಬೇಕಾಗುತ್ತದೆ. ವಾಹನದೊಳಗಿನವನ ಕಿವಿಗೂ ಇದೇ ಮಾತು: ಕಿವಿಯು ಮಂದ್ರವನ್ನು ಕಡಿಮೆಯಾಗಿ ಗ್ರಹಿಸುವುದರಿಂದ ಅವನು ಬಲವನ್ನು ಏರಿಸುತ್ತಾನೆ, ಅದರೊಡನೆ ಉಳಿದ ನಾದವೂ ಏರುತ್ತದೆ. ದಿನಕ್ಕೆ ಎಂಟು ಗಂಟೆಯ ಕಾಲ 85 ಡೆಸಿಬೆಲ್ಲಿಗೆ ತಾಳುವ ಕಿವಿಯು, ಪ್ರತಿ ಮೂರು ಡೆಸಿಬೆಲ್ಲಿಗೆ ಕಾಲವು ಅರ್ಧವಾಗುವ ಲೆಕ್ಕದಂತೆ, ನೂರು ಡೆಸಿಬೆಲ್ಲಿಗೆ ಕಾಲು ಗಂಟೆ ಮಾತ್ರ ತಾಳಬಲ್ಲುದು.

10. ಉಪಸಂಹಾರ

ಇದುವರೆಗಿನ ವಿವೇಚನೆಯಿಂದ ಸಿದ್ಧಿಸುವುದಿಷ್ಟು: ಮಂದ್ರಪೇಟಿಕೆಯು ಬೆನ್ನಿನ ನಾದವನ್ನು ತಡೆಯುವ ಗೋಡೆಯೂ ಹೌದು, ಪಟಲವನ್ನು ಹದದಲ್ಲಿಡುವ ಗಾಳಿಯ ಸ್ಪ್ರಿಂಗೂ ಹೌದು. ಅದರ ಗಾತ್ರವು ಸ್ಥಳದ ಅನುಕೂಲಕ್ಕಿಂತ ನಾದಕದ ಮೂರು ಸಂಖ್ಯೆಗಳಿಂದ ನಿರ್ಣೀತವಾಗಬೇಕು, ಕೀಲುಗಳು ಸೋರಬಾರದು, ಹಲಗೆಯು ತಾನು ಹಾಡಬಾರದು. ದಾಸರ ಪದಕ್ಕೆ ತಂಬೂರಿ, ಡಗ್ಗೆಗಳ ಪಕ್ಕವಾದ್ಯವೇ ಸಾಕಾಗಿರುವುದರಿಂದ 40 ಹರ್ಟ್ಸ್‌ಗಿಂತ ಕೆಳಗಿನ ಮಂದ್ರವನ್ನು ಬೆನ್ನಟ್ಟಿ ದೊಡ್ಡ ಪೆಟ್ಟಿಗೆಯನ್ನೂ ದೊಡ್ಡ ವರ್ಧಕವನ್ನೂ ಹೊರುವ ಅಗತ್ಯವಿಲ್ಲ. ಮೂವತ್ತು ಲೀಟರಿನ ಒಂದು ಪೆಟ್ಟಿಗೆಯು ಕೆಲಸವನ್ನು ಪೂರೈಸುವುದು. ಅಧ್ಯಾಪಕರು ಇದನ್ನು ತರಗತಿಯಲ್ಲಿ ವಿವರಿಸಬಯಸಿದರೆ ಮೊದಲು ಒಂದು ಡಗ್ಗೆಯನ್ನೂ ಒಂದು ಘಟವನ್ನೂ ಮೇಜಿನ ಮೇಲಿಟ್ಟು ನುಡಿಸಿ ತೋರಿಸಲಿ. ಮುಚ್ಚಿದ ಗಾಳಿಗೂ ತೆರೆದ ಗಾಳಿಗೂ ಇರುವ ಭೇದವು ಕಿವಿಗೆ ಹತ್ತಿದ ಮೇಲೆ ವರ್ಗಮೂಲದ ಲೆಕ್ಕವು ವಿದ್ಯಾರ್ಥಿಗೆ ಕಷ್ಟವೆನಿಸದು.